ಗಿರಿಯಾತ್ರೆಯ ಧರ್ಮ

॥ ಶ್ರೀ ರೇಣುಕಾಂಬಾ ಪ್ರಸನ್ನ ॥

ಚಂದ್ರಗುತ್ತಿಯ ಗುಡ್ಡ ಹತ್ತಿ ತಾಯಿ ರೇಣುಕಾಂಬೆಯ ಸನ್ನಿಧಿಗೆ ಬರುವ ಭಕ್ತಾದಿಗಳು ನಾನಾ ಹರಕೆ ಹೊತ್ತು ಬರುತ್ತಾರೆ. ಮಕ್ಕಳಾಗಲಿ ಅಂತ, ಮಗಳ ಮದುವೆ ಕೂಡಿಬರಲಿ ಅಂತ, ಕಾಯಿಲೆ ವಾಸಿಯಾಗಲಿ ಅಂತ, ಕೋರ್ಟಿನ ವ್ಯಾಜ್ಯ ಮುಗಿಯಲಿ ಅಂತ. ಈಗ ಇವುಗಳ ಜೊತೆಗೆ ಇನ್ನೊಂದು ಬೇಡಿಕೆಯೂ ಸೇರಿಕೊಂಡಿದೆ. ಶಿಕಾರಿಪುರ, ಸೊರಬ, ಶಿರಾಳಕೊಪ್ಪ, ಆನವಟ್ಟಿ ಕಡೆಯ ಎಷ್ಟೋ ಮನೆಗಳ ಮಕ್ಕಳು ಓದಿ ಬೆಂಗಳೂರು ಸೇರಿದ್ದಾರೆ. ಅಲ್ಲಿಂದ ಒಂದು ದಿನ ಫೋನ್ ಬರುತ್ತದೆ. "ಅಮ್ಮ, ಹಿಮಾಲಯಕ್ಕೆ ಟ್ರೆಕ್ಕಿಂಗ್ ಹೋಗ್ತಿದ್ದೀನಿ. ಮೇಲೆ ಒಂದು ಸರೋವರ ಇದೆ, ಏಳೆಂಟು ದಿನ ನಡಿಯೋದು. ಅಲ್ಲಿ ಸಿಗ್ನಲ್ ಸಿಗಲ್ಲ, ಗಾಬರಿ ಆಗ್ಬೇಡ." ಗಾಬರಿ ಆಗಬೇಡ ಅಂದ ಗಳಿಗೆಯಿಂದಲೇ ತಾಯಿಗೆ ಗಾಬರಿ ಶುರುವಾಗುತ್ತದೆ. ಉಡಿ ತುಂಬುವ ಸಾಮಾನು ಕಟ್ಟಿಕೊಂಡು ಆಕೆ ಈ ಗುಡ್ಡ ಹತ್ತುತ್ತಾಳೆ.

ಅಂಥ ತಾಯಂದಿರಿಗೂ, ಹೊರಟು ನಿಂತ ಮಕ್ಕಳಿಗೂ, ಕೇದಾರಕ್ಕೋ ಕೈಲಾಸ ಮಾನಸ ಸರೋವರಕ್ಕೋ ಹೋಗಬೇಕೆಂದು ಹಣ ಕೂಡಿಡುತ್ತಿರುವ ಹಿರಿಯರಿಗೂ ಈ ನಾಲ್ಕು ಹಿತವಚನಗಳು ಮೀಸಲು.

ಯಕ್ಷನ ಸರೋವರ

ಮಹಾಭಾರತದ ಯಕ್ಷಪ್ರಶ್ನೆಯ ಪ್ರಸಂಗ ಎಲ್ಲರೂ ಕೇಳಿದ್ದೇ. ಪಾಂಡವರ ವನವಾಸ ಮುಗಿಯುತ್ತ ಬಂದ ಕಾಲ. ಬ್ರಾಹ್ಮಣನೊಬ್ಬನ ಅರಣಿಯನ್ನು ಜಿಂಕೆಯೊಂದು ಕೊಂಬಿಗೆ ಸಿಕ್ಕಿಸಿಕೊಂಡು ಓಡಿಹೋಯಿತು. ಅದರ ಬೆನ್ನು ಹತ್ತಿದ ಐವರೂ ದಣಿದು, ಬಾಯಾರಿ, ಮರದ ನೆರಳಿನಲ್ಲಿ ಕೂತರು. ನಕುಲ ಮರ ಹತ್ತಿ ನೋಡಿದ. ದೂರದಲ್ಲಿ ನೀರಿರುವ ಗುರುತು ಕಂಡಿತು. ನೀರು ತರಲು ಅವನೇ ಹೊರಟ.

ಸರೋವರ ಸಿಕ್ಕಿತು. ಬಗ್ಗಿ ನೀರು ಮುಟ್ಟಬೇಕು, ಅಷ್ಟರಲ್ಲಿ ಒಂದು ದನಿ ಕೇಳಿತು: ಮೊದಲು ನನ್ನ ಪ್ರಶ್ನೆಗೆ ಉತ್ತರ ಹೇಳು, ಆಮೇಲೆ ಕುಡಿ. ನಕುಲ ಕೇಳಿಯೂ ಕೇಳದವನಂತೆ ಕುಡಿದ, ಅಲ್ಲೇ ಬಿದ್ದ. ಹುಡುಕಿಕೊಂಡು ಬಂದ ಸಹದೇವನಿಗೂ ಹಾಗೇ ಆಯಿತು. ಲೋಕದಲ್ಲೇ ಸರಿಸಾಟಿ ಇಲ್ಲದ ಬಿಲ್ಲುಗಾರ ಅರ್ಜುನನೂ ಬಿದ್ದ. ಆನೆಯ ಬಲದ ಭೀಮನೂ ಬಿದ್ದ. ಕೊನೆಗೆ ಬಂದವನು ಧರ್ಮರಾಯ. ಅವನಿಗೂ ಬಾಯಾರಿಕೆ ಇತ್ತು. ಸಾಲದ್ದಕ್ಕೆ ನಾಲ್ವರು ತಮ್ಮಂದಿರು ಕಣ್ಣೆದುರಿಗೆ ಬಿದ್ದಿದ್ದರು. ಆದರೂ ಅವನು ನಿಂತ. ನಿಂತು ದನಿಯನ್ನು ಕೇಳಿಸಿಕೊಂಡ, ಉತ್ತರ ಕೊಟ್ಟ.

ಇಲ್ಲಿ ಒಂದು ಸೂಕ್ಷ್ಮವಿದೆ ನೋಡಿ. ಯಕ್ಷ ನೀರು ಕುಡಿಯಬೇಡ ಅನ್ನಲಿಲ್ಲ. ಸರೋವರಕ್ಕೆ ಬಂದದ್ದೇ ತಪ್ಪು ಅಂತಲೂ ಅನ್ನಲಿಲ್ಲ. ಉತ್ತರ ಕೊಟ್ಟು ಮುಟ್ಟು ಅಂದ, ಅಷ್ಟೇ. ನಾಲ್ವರಿಗೆ ಶಕ್ತಿಯ ಕೊರತೆ ಇರಲಿಲ್ಲ. ನೀರು ಇಷ್ಟು ಹತ್ತಿರ ಕಾಣುತ್ತಿರುವಾಗ ನಿಲ್ಲುವುದು ಅವರಿಂದ ಆಗಲಿಲ್ಲ.

ಸಹಸ್ರ ತಾಳದ ದುಃಖ

ಉತ್ತರಾಖಂಡದಲ್ಲಿ ಉತ್ತರಕಾಶಿ ಮತ್ತು ತೆಹ್ರಿ ಜಿಲ್ಲೆಗಳ ಗಡಿಯ ಎತ್ತರದಲ್ಲಿ ಸಹಸ್ರ ತಾಳ ಎಂಬ ಸರೋವರಗಳ ಗುಂಪಿದೆ. ಆ ಕಡೆಯ ಜನ ಸರೋವರಕ್ಕೆ ತಾಲ್, ತಾಳ ಅನ್ನುತ್ತಾರೆ. 2024ರ ಮೇ ತಿಂಗಳ ಕೊನೆಯಲ್ಲಿ 22 ಜನರ ತಂಡವೊಂದು ಅಲ್ಲಿಗೆ ನಡೆದು ಹೊರಟಿತು. 18 ಜನ ಕರ್ನಾಟಕದವರು, ಒಬ್ಬರು ಮಹಾರಾಷ್ಟ್ರದವರು, ಮೂವರು ಸ್ಥಳೀಯ ದಾರಿತೋರುಗರು. ತಂಡದಲ್ಲಿ ಪ್ರಾಯದವರೂ ಇದ್ದರು, ಎಪ್ಪತ್ತು ದಾಟಿದವರೂ ಇದ್ದರು. ಜೂನ್ ಮೊದಲ ವಾರ ಅವರು ತಾಳದವರೆಗೆ ಹೋಗಿ ಡೇರೆಯ ಕಡೆಗೆ ಹಿಂತಿರುಗುತ್ತಿದ್ದಾಗ, ಮಧ್ಯಾಹ್ನದ ಹೊತ್ತಿಗೆ ಹಿಮದ ಬಿರುಗಾಳಿ ಎದ್ದಿತು. ಎದುರಿಗೆ ಬಂದವರ ಮುಖ ಕಾಣದಂಥ ಗಾಳಿ. ದಾರಿ ಮುಚ್ಚಿಹೋಯಿತು. ಡೇರೆ ಇನ್ನು ಕೆಲವೇ ಗಂಟೆಗಳ ನಡಿಗೆಯಲ್ಲಿತ್ತು. ಅಲ್ಲೇ ಬಯಲಿನಲ್ಲಿ, ಚಳಿಯಲ್ಲಿ, ರಾತ್ರಿ ಕಳೆಯಬೇಕಾಯಿತು. ಫೋನ್ ಸಿಗುವ ಜಾಗದವರೆಗೆ ನಡೆದು ಹೋಗಿ ಸುದ್ದಿ ಮುಟ್ಟಿಸಬೇಕಾಯಿತು. ವಾಯುಪಡೆಯ ಹೆಲಿಕಾಪ್ಟರುಗಳು ಬಂದವು, ರಕ್ಷಣಾ ಪಡೆಯವರು ನಡೆದು ಬಂದರು, ಕರ್ನಾಟಕದ ಕಂದಾಯ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೇ ಹೋಗಿ ನಿಂತರು. 13 ಜನರನ್ನು ಉಳಿಸಿಕೊಳ್ಳಲಾಯಿತು. 9 ಜನ ಬದುಕಿ ಬರಲಿಲ್ಲ.

ಈ ಸುದ್ದಿ ಬಂದಾಗ ಊರೂರ ಕಟ್ಟೆಗಳ ಮೇಲೆ ಎರಡು ಥರದ ಮಾತು ಹೊರಟವು. "ಈ ವಯಸ್ಸಿಗೆ ಯಾಕೆ ಹೋಗ್ಬೇಕಿತ್ತು" ಅಂತ ಕೆಲವರು. "ದೇವರೇ ಕರೆಸ್ಕೊಂಡ, ಪುಣ್ಯದ ಸಾವು" ಅಂತ ಕೆಲವರು. ಎರಡೂ ಧರ್ಮದ ಮಾತಲ್ಲ. ಚಳಿಯಲ್ಲಿ ಕೊರಗಿ ಹೋದವರನ್ನು ಬೆಚ್ಚಗೆ ಕೂತವರು ದೂರಬಾರದು. ಅವರು ಯಾವ ಪ್ರಶ್ನೆಗೆ ಉತ್ತರ ತಪ್ಪಿದರು ಎಂದು ಹೇಳುವ ಅಧಿಕಾರ ಕೆಳಗಿದ್ದವರಿಗೆ ಇಲ್ಲ. ಎಲ್ಲವನ್ನೂ ಸರಿಯಾಗಿ ಮಾಡಿದವರ ಮೇಲೂ ಬಿರುಗಾಳಿ ಬೀಳುವುದುಂಟು. ಹಂಗಂತ ದೇವರೇ ಕೊಂದ, ಅದೇ ಪುಣ್ಯ ಅನ್ನುವುದೂ ಸಲ್ಲದು. ಹೆತ್ತವರ, ಹೆಂಡಿರ ಮಕ್ಕಳ ಕಣ್ಣೀರಿನ ಎದುರು ಅಂಥ ಮಾತು ನಿಲ್ಲುವುದಿಲ್ಲ. ಆ ಒಂಬತ್ತು ಜೀವಗಳಿಗೆ ಕೈ ಮುಗಿದು, ಮುಂದೆ ಹೋಗುವವರು ಏನು ತಿಳಿದುಕೊಂಡು ಹೋಗಬೇಕು ಎಂದು ಕೇಳುವುದೇ ಸರಿಯಾದ ಶ್ರದ್ಧಾಂಜಲಿ.

ಎತ್ತರ ಕೇಳುವ ಪ್ರಶ್ನೆಗಳು

ಚಂದ್ರಗುತ್ತಿಯ ನೆತ್ತಿ ಸಮುದ್ರಮಟ್ಟದಿಂದ ಸುಮಾರು 850 ಮೀಟರ್. ಇಷ್ಟಕ್ಕೇ ಎಷ್ಟೋ ಜನ ಏದುಸಿರು ಬಿಟ್ಟು ಮೆಟ್ಟಿಲ ಮೇಲೆ ಕೂರುತ್ತಾರೆ. ಸಹಸ್ರ ತಾಳದ ಎತ್ತರಕ್ಕೆ ಐದು ಚಂದ್ರಗುತ್ತಿಗಳನ್ನು ಒಂದರ ಮೇಲೊಂದು ಇಟ್ಟರೂ ಸಾಲದು. ಮಾನಸ ಸರೋವರ ಇರುವುದು 4,500 ಮೀಟರಿಗೂ ಮೇಲೆ. ಅಲ್ಲಿ ಒಂದು ಉಸಿರಿಗೆ ಸಿಗುವ ಪ್ರಾಣವಾಯು ಕರಾವಳಿಯಲ್ಲಿ ಸಿಗುವುದರ ನೂರಕ್ಕೆ 60 ಪಾಲೂ ಇಲ್ಲ. ಸಾವಿರ ಮೀಟರ್ ಏರಿದಂತೆ ಆರು ಡಿಗ್ರಿಯಷ್ಟು ಚಳಿ ಹೆಚ್ಚುತ್ತದೆ. ಹಾಗಾಗಿ ಅಲ್ಲಿಯ ಯಕ್ಷ ಕೇಳುವ ಪ್ರಶ್ನೆಗಳೂ ಬೇರೆ.

ಮೊದಲನೆಯ ಪ್ರಶ್ನೆ: ನಿನ್ನ ದೇಹ ಏನು ಹೇಳುತ್ತಿದೆ? 2,500 ಮೀಟರ್ ದಾಟಿದ ಮೇಲೆ ತಲೆನೋವು, ವಾಕರಿಕೆ, ಊಟ ಸೇರದಿರುವುದು, ನಿದ್ದೆ ಬಾರದಿರುವುದು ಶುರುವಾಗಬಹುದು. ಇದು ಎತ್ತರದ ಕಾಯಿಲೆ. ಪೈಲ್ವಾನನಿಗೂ ಬರುತ್ತದೆ, ಭೀಮಬಲ ಇಲ್ಲಿ ಕೆಲಸಕ್ಕೆ ಬಾರದು. ಬಲ್ಲವರ ನಿಯಮ ಇಷ್ಟು: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಒಂದು ದಿನ ಸುಮ್ಮನಿರಬೇಕು. ತಲೆನೋವು ಇದ್ದಾಗ ಇನ್ನೂ ಮೇಲೆ ಹೋಗಬಾರದು. ಸುಮ್ಮನೆ ಕೂತಾಗಲೂ ಉಸಿರು ಕಟ್ಟಿದರೆ, ನಡಿಗೆ ತೂರಾಡಿದರೆ, ಮಾತು ತಡವರಿಸಿದರೆ ರಾತ್ರಿಯೋ ಹಗಲೋ ನೋಡದೆ ಕೆಳಗಿಳಿಸಬೇಕು. ಇಳಿಯುವುದೇ ಅದಕ್ಕೆ ಮೊದಲ ಔಷಧಿ.

ಎರಡನೆಯ ಪ್ರಶ್ನೆ: ಗಂಟೆ ಎಷ್ಟಾಯಿತು, ಆಕಾಶ ಹೇಗಿದೆ? ಎತ್ತರದ ಗುಡ್ಡಗಳಲ್ಲಿ ಬೆಳಗಿನ ಆಕಾಶ ಬೇರೆ, ಮಧ್ಯಾಹ್ನದ ಆಕಾಶವೇ ಬೇರೆ. ಬೆಳಗ್ಗೆ ಬೇಗ ಹೊರಟು, ಹೊತ್ತು ಏರುವುದರೊಳಗೆ ತಿರುಗಿ ಇಳಿಯುವುದು ಅಲ್ಲಿಯ ಹಳೆಯ ರೂಢಿ. ಎಷ್ಟು ಗಂಟೆಗೆ ತಿರುಗಬೇಕು ಎಂದು ಹೊರಡುವ ಮೊದಲೇ ನಿಶ್ಚಯಿಸಬೇಕು. ಸರೋವರ ಎದುರಿಗೆ ಕಂಡ ಮೇಲೆ ಬುದ್ಧಿ ನಿಶ್ಚಯ ಮಾಡುವುದಿಲ್ಲ, ಆಸೆ ಮಾಡುತ್ತದೆ. ಒದ್ದೆ ಬಟ್ಟೆ, ಗಾಳಿ, ದಣಿವು ಮೂರೂ ಕೂಡಿದರೆ ಮೈಯ ಬಿಸಿ ಸೋರಿಹೋಗುತ್ತದೆ. ಹತ್ತಿ ಬಟ್ಟೆ ನೆಂದರೆ ಬೇಗ ಒಣಗದು. ಅದಕ್ಕೇ ಉಣ್ಣೆ, ನೀರು ತಡೆಯುವ ಮೇಲಂಗಿ ಮತ್ತು ಒಂದು ಜೊತೆ ಒಣ ಬಟ್ಟೆ ಪೂಜೆಯ ಸಾಮಾನಿನಷ್ಟೇ ಮುಖ್ಯ.

ಮೂರನೆಯ ಪ್ರಶ್ನೆ: ಮುಂದೆ ನಡೆಯುವವನ ಮಾತು ಕೇಳುತ್ತಿದ್ದೀಯಾ? ಗುರುವಿಲ್ಲದೆ ದಾರಿ ಇಲ್ಲ ಎಂದು ಈ ನಾಡು ಮೊದಲಿಂದಲೂ ನಂಬಿದೆ. ತಾಳಗುಂದದಿಂದ ಕಂಚಿಗೆ ಓದಲು ಹೊರಟ ಮಯೂರಶರ್ಮ ಒಬ್ಬನೇ ಹೋಗಲಿಲ್ಲ, ಗುರು ವೀರಶರ್ಮನ ಜೊತೆ ಹೋದ ಎಂದು ತಾಳಗುಂದದ ಕಂಬದ ಶಾಸನವೇ ಹೇಳುತ್ತದೆ. ಹಿಮಾಲಯದಲ್ಲಿ ಗುರುವಿನ ಜಾಗದಲ್ಲಿ ನಿಲ್ಲುವವನು ಆ ಊರಿನ ದಾರಿತೋರುಗ. ಅವನು ಹರುಕು ಹಿಂದಿ ಮಾತಾಡಬಹುದು, ಸವೆದ ಬೂಟು ಹಾಕಿರಬಹುದು. ದುಡ್ಡು ಕೊಟ್ಟದ್ದು ನಾವು, ಅವನ್ಯಾರು ನಮಗೆ ಹೇಳೋಕೆ ಅನ್ನಬಾರದು. ಇವತ್ತು ಬೇಡ ಅಂತ ಅವನು ಅಂದರೆ ಬೇಡ. ಹಾಗೇ ದಾರಿತೋರುಗನಿಗೂ ಧರ್ಮವಿದೆ. ಹಣ ಕೊಟ್ಟವರ ಮುಖ ನೋಡಿ ಆಕಾಶದ ಮುಖ ಮರೆಯಬಾರದು.

ಕೈಲಾಸ ಮಾನಸ ಸರೋವರಕ್ಕೆ ಸರ್ಕಾರದ ಮೂಲಕ ಹೋಗುವ ಯಾತ್ರಿಕರಿಗೆ ದೆಹಲಿಯಲ್ಲಿ ಒಮ್ಮೆ, ಲಿಪುಲೇಖ್ ದಾರಿಯಾದರೆ ಗುಂಜಿಯಲ್ಲಿ ಇನ್ನೊಮ್ಮೆ ವೈದ್ಯಕೀಯ ತಪಾಸಣೆ ಮಾಡುತ್ತಾರೆ. ಗುಂಜಿಯವರೆಗೆ ಬಂದವರನ್ನೂ ರಕ್ತದೊತ್ತಡ ಏರಿದ್ದರೆ ಅಲ್ಲಿಂದಲೇ ವಾಪಸು ಕಳಿಸುತ್ತಾರೆ. 2020ರಿಂದ ನಿಂತುಹೋಗಿದ್ದ ಆ ಯಾತ್ರೆ 2025ರಲ್ಲಿ ಮತ್ತೆ ಶುರುವಾಯಿತು. ಜೀವಮಾನದ ಆಸೆ ಹೊತ್ತು ಬಂದು ಬಾಗಿಲಿಂದ ತಿರುಗುವುದು ಸಣ್ಣ ಸಂಕಟವಲ್ಲ. ಆದರೆ ಅಲ್ಲಿ ತಡೆಯುವ ವೈದ್ಯರು ಯಕ್ಷನ ಕೆಲಸ ಮಾಡುತ್ತಿದ್ದಾರೆ ಎಂದು ತಿಳಿಯಬೇಕು.

ಮರಳಿನ ಕೊಡ

ಈ ಗುಹೆಯಲ್ಲಿ ಕೂತ ತಾಯಿಯ ಕಥೆಯಲ್ಲೂ ನೀರಿದೆ. ಜಮದಗ್ನಿ ಋಷಿಯ ಪತ್ನಿ ರೇಣುಕೆ ದಿನಾ ಹೊಳೆಗೆ ಹೋಗಿ ಹಸಿ ಮರಳಿನಲ್ಲೇ ಕೊಡ ಮಾಡಿ, ಹಾವನ್ನೇ ಸಿಂಬೆ ಸುತ್ತಿ ತಲೆಯ ಮೇಲಿಟ್ಟು, ಅದರಲ್ಲಿ ನೀರು ತರುತ್ತಿದ್ದಳು. ಒಂದು ದಿನ ಹೊಳೆಯಲ್ಲಿ ಜಲಕ್ರೀಡೆಯಾಡುವ ಗಂಧರ್ವನನ್ನು ಕಂಡು ಮನಸ್ಸು ಒಂದು ಗಳಿಗೆ ಅತ್ತ ಸರಿಯಿತು. ಮರಳು ಕೊಡವಾಗಲಿಲ್ಲ, ಹಾವು ಸಿಂಬೆಯಾಗಲಿಲ್ಲ. ಋಷಿಯ ಕೋಪ, ಪರಶುರಾಮನ ಕೊಡಲಿ, ತಾಯಿ ಓಡಿ ಬಂದು ಈ ಗುಡ್ಡದಲ್ಲಿ ಅಡಗಿದ್ದು, ಇವೆಲ್ಲ ಭಕ್ತರಿಗೆ ಗೊತ್ತೇ ಇವೆ.

ಈ ಕಥೆಯನ್ನು ಹೆಂಗಸರನ್ನು ಹೆದರಿಸುವುದಕ್ಕೆ ಹೇಳುವವರಿದ್ದಾರೆ. ಅದು ತಾಯಿಗೆ ಮಾಡುವ ಅನ್ಯಾಯ. ತಪ್ಪು ಅಷ್ಟಿತ್ತೋ ಇಲ್ಲವೋ, ಶಿಕ್ಷೆ ಮಾತ್ರ ಅತಿಯಾಯಿತು. ಅದಕ್ಕೇ ಲೋಕ ಇಂದು ಕೈ ಮುಗಿಯುವುದು ಸಿಟ್ಟಿಗೆದ್ದ ಋಷಿಗಲ್ಲ, ಈ ತಾಯಿಗೆ. ಯಾತ್ರಿಕರು ಇದರಲ್ಲಿ ಕಾಣಬೇಕಾದ್ದು ಬೇರೆಯೇ ಇದೆ. ಎತ್ತರದ ದಾರಿಯಲ್ಲಿ ನಡೆಯುವವನ ಜೀವ ಮರಳಿನ ಕೊಡದ ನೀರಿದ್ದ ಹಾಗೆ. ಗಮನ ಇರುವಷ್ಟು ಹೊತ್ತು ನಿಲ್ಲುತ್ತದೆ. ಫೋಟೋ ತೆಗೆಯುತ್ತ ಅಂಚಿಗೆ ಹೋದವನದ್ದು, ಮುಂದಿನ ತಂಡಕ್ಕಿಂತ ಮೊದಲು ಮುಟ್ಟಬೇಕೆಂದು ಓಡಿದವನದ್ದು, ಕೊಟ್ಟ ದುಡ್ಡು ದಂಡವಾಗುತ್ತದಲ್ಲ ಅಂತ ಜ್ವರದಲ್ಲೇ ನಡೆದವನದ್ದು, ಎಲ್ಲರದ್ದೂ ಮನಸ್ಸು ಒಂದು ಗಳಿಗೆ ಅತ್ತ ಸರಿದದ್ದೇ. ಮನೆಯಲ್ಲಾದರೆ ಆ ಒಂದು ಗಳಿಗೆಗೆ ಕ್ಷಮೆ ಇದೆ. ಅಲ್ಲಿ ಇಲ್ಲ.

ಮಾದ್ರಿಯ ಮಗ

ಯಕ್ಷನ ಕಥೆಯಲ್ಲಿ ಇನ್ನೊಂದು ಭಾಗವಿದೆ. ಉತ್ತರಗಳಿಂದ ಮೆಚ್ಚಿದ ಯಕ್ಷ ಧರ್ಮರಾಯನಿಗೆ ಹೇಳಿದ: ನಿನ್ನ ತಮ್ಮಂದಿರಲ್ಲಿ ಒಬ್ಬನನ್ನು ಬದುಕಿಸುತ್ತೇನೆ, ಯಾರು ಬೇಕು? ಮುಂದೆ ಯುದ್ಧ ಬರುವುದಿತ್ತು. ಬಿಲ್ಲಿಗೆ ಅರ್ಜುನ ಬೇಕು, ಗದೆಗೆ ಭೀಮ ಬೇಕು. ಧರ್ಮರಾಯ ಅಂದದ್ದು, ನಕುಲ ಬದುಕಲಿ. ಯಕ್ಷನಿಗೇ ಆಶ್ಚರ್ಯವಾಯಿತು. ಧರ್ಮರಾಯ ಕೊಟ್ಟ ಕಾರಣ ಇದು: ಕುಂತಿಗೆ ಮಗನಾಗಿ ನಾನೊಬ್ಬ ಉಳಿದಿದ್ದೇನೆ, ಮಾದ್ರಿಗೂ ಒಬ್ಬ ಮಗ ಉಳಿಯಲಿ.

ತಂಡ ಕಟ್ಟಿಕೊಂಡು ಗುಡ್ಡ ಹತ್ತುವವರು ಈ ಮಾತನ್ನು ಮನನ ಮಾಡಿಕೊಳ್ಳಬೇಕು. ಪ್ರತಿ ತಂಡದಲ್ಲೂ ಒಬ್ಬ ಹಿಂದುಳಿಯುತ್ತಾನೆ. ಉಸಿರು ಸಾಲದವನು, ಮೊಣಕಾಲು ನೋವಿನವಳು, ನಾಚಿಕೆಗೆ ಬಿದ್ದು ಬಾಯಿ ಬಿಡದವನು. ಬಲಶಾಲಿಗಳೆಲ್ಲ ಮುಂದೆ ಹೋಗಿ ಸರೋವರದ ದಡದಲ್ಲಿ ಜೈಕಾರ ಹಾಕುವಾಗ ಅವನು ಹಿಂದೆ ಒಬ್ಬನೇ ಕೂತಿರುತ್ತಾನೆ. ಅವನೇ ಮಾದ್ರಿಯ ಮಗ. ಅವನ ತಾಯಿಯೂ ಎಲ್ಲೋ ಒಂದು ದೇವಸ್ಥಾನದ ಮೆಟ್ಟಿಲು ಹತ್ತುತ್ತಿರುತ್ತಾಳೆ. ತಂಡದ ನಡಿಗೆ ಅವನ ನಡಿಗೆಯಾಗಿರಬೇಕು. ಅವನನ್ನು ಇಳಿಸಬೇಕಾಗಿ ಬಂದರೆ ಒಬ್ಬನೇ ಇಳಿ ಅನ್ನದೆ, ಜೊತೆಗೊಬ್ಬರು ಇಳಿಯಬೇಕು. ಹಾಗೆ ಸರೋವರ ನೋಡದೆ ಅವನ ಕೈ ಹಿಡಿದು ಇಳಿದವನಿಗೆ ತೀರ್ಥಸ್ನಾನದ ಫಲ ಎಲ್ಲರಿಗಿಂತ ಮೊದಲು ಸಲ್ಲುತ್ತದೆ. ಧರ್ಮರಾಯ ನಕುಲನೊಬ್ಬನನ್ನು ಕೇಳಿದ. ಸಿಕ್ಕಿದ್ದು ನಾಲ್ವರೂ.

ಕಾಣದೆ ಬಂದವನ ಕೇದಾರ

ಹಿಂದೆ ಈ ಸೀಮೆಯಿಂದ ಕಾಶಿಗೆ ನಡೆದು ಹೋಗುವವರನ್ನು ಊರ ಗಡಿಯವರೆಗೆ ಹೋಗಿ ಬೀಳ್ಕೊಡುತ್ತಿದ್ದರು. ತಿರುಗಿ ಬಂದಮೇಲೆ ಮನೆಯಲ್ಲಿ ಗಂಗಾಪೂಜೆ, ಊರಿಗೆಲ್ಲ ಸಮಾರಾಧನೆ. ಅದು ಆಗುವವರೆಗೆ ಕಾಶಿಯಾತ್ರೆ ಮುಗಿಯಿತು ಅನ್ನುತ್ತಿರಲಿಲ್ಲ. ಯಾತ್ರೆ ಮುಗಿಯುವುದು ತೀರ್ಥದ ದಡದಲ್ಲಲ್ಲ, ಮನೆಯ ಹೊಸ್ತಿಲಲ್ಲಿ ಎಂದು ಹಿರಿಯರಿಗೆ ಗೊತ್ತಿತ್ತು. ಶಿಕಾರಿಪುರದ ಹುಚ್ಚರಾಯಸ್ವಾಮಿಯಾಗಿ ನಿಂತ ಆಂಜನೇಯನೂ ಹಿಮಾಲಯಕ್ಕೆ ಹೋಗಿದ್ದುಂಟು. ಹೋಗಿದ್ದು ಲಕ್ಷ್ಮಣನ ಜೀವಕ್ಕಾಗಿ. ಸಂಜೀವಿನಿ ತಂದು ಮುಟ್ಟಿಸಿದ ಮೇಲೇ ಆ ಹಾರಾಟಕ್ಕೆ ಅರ್ಥ ಬಂತು.

ಈಗ ಏನಾಗಿದೆ? ಹೋದವನು ಅರ್ಧದಿಂದ ಬಂದರೆ ಊರಿನವರು ಕೇಳುವ ಮೊದಲ ಮಾತು, "ಅಷ್ಟು ದೂರ ಹೋಗಿ ದರ್ಶನ ಆಗ್ಲಿಲ್ವಾ?" ಗೆಳೆಯರು ಕೇಳುವುದು, "ಫೋಟೋ ಎಲ್ಲಿ?" ಕೇಳುವವರಿಗೆ ಅದು ಬರೀ ಮಾತು. ಆದರೆ ನಾಲ್ಕು ಸಾವಿರ ಮೀಟರ್ ಎತ್ತರದಲ್ಲಿ, ತಲೆ ಸಿಡಿಯುತ್ತ, ಮೋಡ ಕವಿಯುತ್ತ ಇರುವಾಗ ಮನುಷ್ಯನ ಬೆನ್ನು ಹಿಡಿದು ಮೇಲೆ ತಳ್ಳುವುದು ಇದೇ ಮಾತು. ವಾಪಸು ಹೋದರೆ ಏನಂತಾರೋ ಎಂಬ ಅಳುಕು. ಆ ಅಳುಕನ್ನು ಅವನ ಚೀಲದೊಳಗೆ ಹಾಕಿ ಕಳಿಸುವವರು ಊರಿನವರೇ, ಮನೆಯವರೇ. ಅದನ್ನು ತೆಗೆದುಹಾಕುವುದೂ ಅವರ ಕೈಯಲ್ಲೇ ಇದೆ.

ತಿರುಗಿ ಬಂದವರಿಗೆ ಈ ಸೀಮೆಯಲ್ಲೇ ಒಂದು ಸಮಾಧಾನದ ಜಾಗವಿದೆ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ, ಕೆರೆಯ ಹತ್ತಿರ, ಚಾಳುಕ್ಯರ ಕಾಲದ ಕೇದಾರೇಶ್ವರ ದೇವಾಲಯ ನಿಂತಿದೆ. ಶಾಸನಗಳು ಅದನ್ನು ದಕ್ಷಿಣ ಕೇದಾರ ಎಂದು ಕರೆದಿವೆ. ಅಲ್ಲಿದ್ದ ಕೋಡಿಯ ಮಠವನ್ನು 1162ರ ಶಾಸನ ಬಣ್ಣಿಸುತ್ತದೆ: ವೇದ ವ್ಯಾಕರಣ ಯೋಗಗಳ ಪಾಠ ನಡೆಯುವ ಜಾಗ, ದಿಕ್ಕಿಲ್ಲದವರಿಗೆ ಅನ್ನ ಸಿಗುವ ಜಾಗ, ರೋಗಿಗಳಿಗೆ ಔಷಧ ಸಿಗುವ ಜಾಗ. ಹಿಮಾಲಯದ ಕೇದಾರ ದೂರ, ದಾರಿ ಕಠಿಣ, ಎಲ್ಲರಿಂದಲೂ ಆಗದು. ಹೋಗಲಾಗದವರಿಗೆ ದೇವರೇ ಇತ್ತ ಬಂದ ಎನ್ನುವ ಭಾವ ಆ ಹೆಸರಿನಲ್ಲಿದೆ. ಬಂದು ಸುಮ್ಮನೆ ಕೂರಲಿಲ್ಲ, ಹಸಿದವರಿಗೆ, ಕಾಯಿಲೆಯವರಿಗೆ ಆಸರೆಯಾಗಿ ನಿಂತ.

ಹಿಮಾಲಯದ ಕೇದಾರದ ಮೇಲುಗಡೆಯೂ ಒಂದು ಸರೋವರವಿತ್ತು, ಚೋರಾಬಾರಿ ತಾಳ. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದು ಪಾಲನ್ನು ಅಲ್ಲಿ ವಿಸರ್ಜಿಸಿದ್ದರಿಂದ ಗಾಂಧಿ ಸರೋವರ ಎಂದೂ ಹೆಸರು. 2013ರ ಜೂನ್ 17ರ ಬೆಳಗ್ಗೆ ಅತಿಮಳೆಗೆ ಅದರ ಕಟ್ಟೆ ಒಡೆದು ಕೆಳಗಿನ ಕೇದಾರವನ್ನು ನುಗ್ಗಿತು. ಆ ಪ್ರವಾಹದ ದಿನಗಳಲ್ಲಿ ಸಾವಿರಾರು ಜನ ತೀರಿಕೊಂಡರು. ಗುಡ್ಡದ ನೀರು ಪೂಜ್ಯವೂ ಹೌದು, ಭಯಂಕರವೂ ಹೌದು. ಎರಡನ್ನೂ ನೆನಪಿಟ್ಟುಕೊಂಡು ಕೈ ಮುಗಿಯುವುದೇ ಭಕ್ತಿ.

ತಾಯಿ ಹೊರಬೇಕಾದ ಹರಕೆ

ಮಗನೋ ಮಗಳೋ ಹೊರಟು ನಿಂತಾಗ ತಾಯಿ ಈ ಸನ್ನಿಧಿಯಲ್ಲಿ ಹರಕೆ ಹೊರಲಿ, ಉಡಿ ತುಂಬಲಿ. ಆದರೆ ಹರಕೆ ದೇವಿಯ ಹತ್ತಿರ ಮಾಡಿಕೊಂಡ ಕರಾರುಪತ್ರವಲ್ಲ. ಹರಕೆ ಹೊತ್ತ ಮೇಲೂ ಮಾಡಬೇಕಾದ ಕೆಲಸ ಇರುತ್ತದೆ. ಮನೆಗೆ ಹೋಗಿ ಫೋನ್ ಮಾಡಿ ಕೇಳಬೇಕು: ಡಾಕ್ಟರ ಹತ್ತಿರ ತೋರಿಸಿಕೊಂಡೆಯಾ? ದಾರಿ ತೋರಿಸುವವರು ಆ ಊರಿನವರಾ? ಎಷ್ಟು ಗಂಟೆಗೆ ವಾಪಸು ತಿರುಗ್ತೀರಿ? ಹಿಂದುಳಿದವರ ಜೊತೆ ಯಾರಿರ್ತಾರೆ?

ಎಲ್ಲಕ್ಕೂ ಕೊನೆಗೆ ಒಂದು ಮಾತು ಹೇಳಬೇಕು. "ನೋಡು ಮಗಾ, ಆಗದೆ ಇದ್ರೆ ತಿರುಗಿ ಬಾ. ಸರೋವರ ನೋಡಿದ್ಯಾ ಅಂತ ಈ ಮನೇಲಿ ಯಾರೂ ಕೇಳೋದಿಲ್ಲ."

ಆ ಮಾತು ಬೆನ್ನಿಗಿದ್ದವನು ಯಕ್ಷನ ಮುಂದೆ ಧೈರ್ಯವಾಗಿ ನಿಲ್ಲಬಲ್ಲ. ನಿಂತು ಕೇಳಿಸಿಕೊಳ್ಳಬಲ್ಲ. ಅವನು ಸರೋವರ ಮುಟ್ಟಿ ಬಂದರೆ ತಾಯಿಗೆ ಒಂದು ಕಾಯಿ ಒಡೆಸಲಿ. ಮುಟ್ಟದೆ ಬಂದರೆ ಎರಡು ಕಾಯಿ ಒಡೆಸಲಿ. ಅವನನ್ನು ಕರೆದುಕೊಂಡು ಬಳ್ಳಿಗಾವಿಯ ಕೇದಾರನ ಎದುರು ಒಂದು ಗಳಿಗೆ ಕೂತು, ಆ ಕೆರೆಯ ನೀರನ್ನು ಕಣ್ಣಿಗೆ ಒತ್ತಿಕೊಂಡು ಮನೆಗೆ ಹೋಗಲಿ.

ಗುಡ್ಡ ಹತ್ತಿ ಬಂದ ಭಕ್ತಾದಿಗಳು ಇಳಿಯುವಾಗ ಮೆಟ್ಟಿಲು ನೋಡಿಕೊಂಡು, ವಯಸ್ಸಾದವರ ಕೈ ಹಿಡಿದುಕೊಂಡು ಇಳಿಯಿರಿ. ತಾಯಿ ರೇಣುಕಾಂಬೆ ಹೋದವರನ್ನೂ ಕಾಯಲಿ, ಕಾದು ಕೂತವರನ್ನೂ ಕಾಯಲಿ.

॥ ಶುಭಮಸ್ತು ॥